ಕ್ವಿಕ್ ಲಾಂಚ್

ಕ್ವಿಕ್ ಲಾಂಚ್ ಎಂಬುದು ಮೈಕ್ರೋಸಾಫ್ಟ್ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯ ಟಾಸ್ಕ್‌ಬಾರ್‌ನಲ್ಲಿ, ಸ್ಟಾರ್ಟ್ ಗುಂಡಿಯ ಪಕ್ಕದಲ್ಲಿ ಇರುತ್ತಿದ್ದ ಒಂದು ಕಿರುಪಟ್ಟಿ. ಬಳಕೆದಾರರು ತಾವು ಪದೇ ಪದೇ ಬಳಸುವ ತಂತ್ರಾಂಶಗಳ, ಕಡತಗಳ ಮತ್ತು ಕಡತಕೋಶಗಳ ಶಾರ್ಟ್‌ಕಟ್‌ಗಳನ್ನು ಈ ಪಟ್ಟಿಯಲ್ಲಿ ಇಟ್ಟುಕೊಂಡು ಒಂದೇ ಕ್ಲಿಕ್‌ನಿಂದ ತೆರೆಯಬಹುದಾಗಿತ್ತು. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆಯಲ್ಲಿ ಇದು ಮೊದಲ ಬಾರಿಗೆ ಬಳಕೆಗೆ ಬಂದಿತು. 1998ರಲ್ಲಿ ವಿಂಡೋಸ್ 98ರ ಭಾಗವಾಯಿತು. 2009ರಲ್ಲಿ ಬಿಡುಗಡೆಯಾದ ವಿಂಡೋಸ್ 7ರಲ್ಲಿ ಶಾರ್ಟ್‌ಕಟ್‌ಗಳನ್ನು ಟಾಸ್ಕ್‌ಬಾರ್‌ಗೇ ‘ಪಿನ್’ ಮಾಡುವ ವಿಧಾನವು ಇದರ ಸ್ಥಾನವನ್ನು ಪಡೆದುಕೊಂಡಿತು. ಆದರೂ ಬೇಕೆಂದವರು ಕ್ವಿಕ್ ಲಾಂಚ್ ಅನ್ನು ಮರಳಿ ಪಡೆಯುವ ದಾರಿಯು ವಿಂಡೋಸ್ 10ರವರೆಗೂ ಉಳಿದಿತ್ತು. 2021ರ ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್‌ನ ಟೂಲ್‌ಬಾರ್‌ಗಳನ್ನೆಲ್ಲ ಕೈಬಿಟ್ಟಿದ್ದರಿಂದ ಆ ದಾರಿಯೂ ಮುಚ್ಚಿತು. ಪಟ್ಟಿ ಕಣ್ಮರೆಯಾದರೂ ಅದರ ಹೆಸರಿನ ಕಡತಕೋಶವು ಇಂದಿಗೂ ಕಂಪ್ಯೂಟರಿನ ಒಳಗೆ ಕೆಲಸ ಮಾಡುತ್ತಿದೆ ಎಂಬುದು ಇದರ ಒಂದು ವಿಶೇಷ.

ಹಿನ್ನೆಲೆ

ಕಂಪ್ಯೂಟರಿನ ಪರದೆಯ ಅಂಚಿನಲ್ಲಿರುವ ಪಟ್ಟಿಯು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡಬಲ್ಲದು. ಈಗಾಗಲೇ ತೆರೆದಿರುವ ತಂತ್ರಾಂಶಗಳನ್ನು ತೋರಿಸುವುದು ಒಂದು. ಇನ್ನೂ ತೆರೆಯದ, ಆದರೆ ಬೇಕಾಗಬಹುದಾದ ತಂತ್ರಾಂಶಗಳನ್ನು ಕೈಗೆಟುಕುವಂತೆ ಇಡುವುದು ಇನ್ನೊಂದು. ವಿಂಡೋಸ್‌ನಲ್ಲಿ ಈ ಎರಡು ಕೆಲಸಗಳು ಬಹುಕಾಲ ಬೇರೆಯಾಗಿಯೇ ಇದ್ದವು. ಕ್ವಿಕ್ ಲಾಂಚ್‌ನ ಇತಿಹಾಸವೆಂದರೆ ಬಹುಮಟ್ಟಿಗೆ ಇವೆರಡೂ ಮೊದಲು ಅಕ್ಕಪಕ್ಕದಲ್ಲಿ ಕುಳಿತು, ಆಮೇಲೆ ಒಂದಾದ ಕಥೆ.

1985ರ ವಿಂಡೋಸ್ 1.0ರಲ್ಲಿಯೇ ಪರದೆಯ ಕೆಳಭಾಗದಲ್ಲಿ ಕುಗ್ಗಿಸಿದ ವಿಂಡೋಗಳ ಚಿಹ್ನೆಗಳನ್ನು ಇಡಲು ಒಂದು ಜಾಗವಿತ್ತು. ವಿಂಡೋಸ್ 3.1ರಲ್ಲಿ ಕುಗ್ಗಿಸಿದ ವಿಂಡೋಗಳು ಡೆಸ್ಕ್‌ಟಾಪ್‌ನ ಕೆಳಗಡೆ ಚಿಹ್ನೆಗಳಾಗಿ ಬಿದ್ದಿರುತ್ತಿದ್ದವು. ಬೇರೆ ವಿಂಡೋಗಳು ಅವುಗಳ ಮೇಲೆ ಹರಡಿಕೊಂಡರೆ ಅವು ಕಾಣುತ್ತಿರಲಿಲ್ಲ. ಹೊಸದಾಗಿ ಕಂಪ್ಯೂಟರ್ ಕಲಿಯುವವರು ತಮ್ಮ ಕೆಲಸವೇ ಕಳೆದುಹೋಯಿತೆಂದು ಭಾವಿಸಲು ಇಷ್ಟು ಸಾಕಾಗಿತ್ತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಈ ತೊಂದರೆಯನ್ನು ಟಾಸ್ಕ್‌ಬಾರ್‌ನ ಮೂಲಕ ಪರಿಹರಿಸಿತು. ತೆರೆದಿರುವ ಪ್ರತಿಯೊಂದು ವಿಂಡೋಗೂ ಇಲ್ಲಿ ಒಂದು ಗುಂಡಿ ಇರುತ್ತಿತ್ತು ಮತ್ತು ಪಟ್ಟಿಯು ಸದಾ ಕಣ್ಣಿಗೆ ಬೀಳುತ್ತಿತ್ತು.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ವಿಂಡೋಸ್ 95ರ ಆರಂಭಿಕ ಪರೀಕ್ಷಾ ಆವೃತ್ತಿಗಳಲ್ಲಿ ಈ ಪಟ್ಟಿಯು ಕೆಲಸಗಳ ಪಟ್ಟಿಯಾಗಿರಲೇ ಇಲ್ಲ. ಪರದೆಯ ಕೆಳ ಅಂಚಿಗೆ ಅಂಟಿಸಿದ ಒಂದು ಕಡತಕೋಶವಾಗಿತ್ತು. ಮೇಜಿನ ಮೇಲಿನ ಖಾನೆಯಲ್ಲಿ ಪೆನ್ನು, ಪಿನ್ನುಗಳನ್ನು ಇಡುವ ತಟ್ಟೆಯಂತೆ ಅದರೊಳಗೆ ಬೇಕಾದುದನ್ನು ಎಳೆದು ಹಾಕಬಹುದಾಗಿತ್ತು. ಆ ಕಾರಣಕ್ಕಾಗಿ ಅದನ್ನು ‘ಟ್ರೇ’ ಎಂದು ಕರೆಯಲಾಗುತ್ತಿತ್ತು ಎಂದು ಮೈಕ್ರೋಸಾಫ್ಟ್‌ನ ತಂತ್ರಜ್ಞ ರೇಮಂಡ್ ಚೆನ್ ಬರೆದಿದ್ದಾರೆ. ಗಡಿಯಾರದ ಬಳಿಯ ಜಾಗವನ್ನು ಅನೇಕರು ಈಗಲೂ ‘ಸಿಸ್ಟಂ ಟ್ರೇ’ ಎನ್ನುವುದುಂಟಾದರೂ ಅದರ ಅಧಿಕೃತ ಹೆಸರು ನೋಟಿಫಿಕೇಷನ್ ಏರಿಯಾ. ಅಂತಿಮ ಆವೃತ್ತಿಯಲ್ಲಿ ತಟ್ಟೆಯ ಕಲ್ಪನೆಯನ್ನು ಬಿಡಲಾಯಿತು. ಹೀಗಾಗಿ ವಿಂಡೋಸ್ 95ರಲ್ಲಿ ಮೆಚ್ಚಿನ ತಂತ್ರಾಂಶವೊಂದನ್ನು ತೆರೆಯಬೇಕಾದರೆ ಸ್ಟಾರ್ಟ್ ಗುಂಡಿಯನ್ನು ಒತ್ತಿ, ಪ್ರೋಗ್ರಾಮ್ಸ್ ಮೆನುವಿಗೆ ಹೋಗಿ, ಅಲ್ಲಿಂದ ಒಂದೆರಡು ಒಳಮೆನುಗಳನ್ನು ದಾಟಬೇಕಾಗಿತ್ತು. ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಟ್ಟುಕೊಳ್ಳಬಹುದಾಗಿತ್ತು, ನಿಜ. ಆದರೆ ವಿಂಡೋಗಳು ತೆರೆದಿರುವಾಗ ಡೆಸ್ಕ್‌ಟಾಪ್ ಕಾಣುವುದೇ ಅಪರೂಪ.

ಈ ಕೊರತೆಯನ್ನು ತುಂಬಲು ಮೈಕ್ರೋಸಾಫ್ಟ್ ಆಫೀಸ್ ತನ್ನದೇ ಆದ ‘ಆಫೀಸ್ ಶಾರ್ಟ್‌ಕಟ್ ಬಾರ್’ ಎಂಬ ಪಟ್ಟಿಯನ್ನು ನೀಡಿತ್ತು. ಆಫೀಸ್ 2003ರಲ್ಲಿ ಅದನ್ನು ಕೈಬಿಡಲಾಯಿತು. ಅಷ್ಟರಲ್ಲಿ ಅದು ಮಾಡುತ್ತಿದ್ದ ಕೆಲಸ ವಿಂಡೋಸ್‌ನ ಒಳಗೇ ಬಂದಾಗಿತ್ತು.

ಉಗಮ

1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಬಿಡುಗಡೆಯಾಯಿತು. ನೆಟ್‌ಸ್ಕೇಪ್‌ನೊಂದಿಗೆ ಬ್ರೌಸರ್ ಪೈಪೋಟಿಯು ತೀವ್ರವಾಗಿದ್ದ ಕಾಲವದು. ಬ್ರೌಸರಿನ ಜೊತೆಯಲ್ಲಿ ‘ವಿಂಡೋಸ್ ಡೆಸ್ಕ್‌ಟಾಪ್ ಅಪ್‌ಡೇಟ್’ ಎಂಬ ಐಚ್ಛಿಕ ಭಾಗವೊಂದನ್ನು ಕೊಡಲಾಗಿತ್ತು. ಇದನ್ನು ಹಾಕಿಕೊಂಡರೆ ವಿಂಡೋಸ್ 95 ಮತ್ತು ವಿಂಡೋಸ್ ಎನ್‌ಟಿ 4.0ರ ಡೆಸ್ಕ್‌ಟಾಪ್ ಹಾಗೂ ಟಾಸ್ಕ್‌ಬಾರ್ ಎರಡೂ ಬದಲಾಗುತ್ತಿದ್ದವು. ಡೆಸ್ಕ್‌ಟಾಪ್ ಮೇಲೆ ಜಾಲಪುಟಗಳನ್ನು ತೋರಿಸುವ ‘ಆ್ಯಕ್ಟಿವ್ ಡೆಸ್ಕ್‌ಟಾಪ್’ ಅದರ ಮುಖ್ಯ ಆಕರ್ಷಣೆಯೆಂದು ಪ್ರಚಾರ ಪಡೆಯಿತು. ಆದರೆ ಕಾಲದ ಪರೀಕ್ಷೆಯಲ್ಲಿ ಉಳಿದದ್ದು ಚಿಕ್ಕಪುಟ್ಟ ಸೌಲಭ್ಯಗಳೇ: ಟಾಸ್ಕ್‌ಬಾರ್‌ನಲ್ಲಿನ ಗುಂಡಿಯನ್ನು ಎರಡನೆಯ ಬಾರಿ ಒತ್ತಿದರೆ ವಿಂಡೋ ಕುಗ್ಗುವುದು, ಟಾಸ್ಕ್‌ಬಾರ್‌ಗೆ ಟೂಲ್‌ಬಾರ್‌ಗಳನ್ನು ಸೇರಿಸುವುದು ಮತ್ತು ಕ್ವಿಕ್ ಲಾಂಚ್.

ಮರುವರ್ಷ, 1998ರ ಜೂನ್ 25ರಂದು ಬಂದ ವಿಂಡೋಸ್ 98ರಲ್ಲಿ ಇವೆಲ್ಲವೂ ಸೇರಿಯೇ ಬಂದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಡೆಸ್ಕ್‌ಟಾಪ್ ಅಪ್‌ಡೇಟ್ ಇರಲಿಲ್ಲವಾದ್ದರಿಂದ, ವಿಂಡೋಸ್ 95 ಬಳಸುತ್ತಿದ್ದವರು ಕ್ವಿಕ್ ಲಾಂಚ್ ಪಡೆಯಲು ಮೊದಲು 4ನೆಯ ಆವೃತ್ತಿಯನ್ನು ಸ್ಥಾಪಿಸಿ ಆಮೇಲೆ 5ಕ್ಕೆ ಏರಬೇಕಾಗುತ್ತಿತ್ತು.

ಬ್ರೌಸರಿನ ಹೊಟ್ಟೆಯಲ್ಲಿ ಹುಟ್ಟಿದ ಗುರುತು ಕ್ವಿಕ್ ಲಾಂಚ್‌ನ ಮೇಲೆ ಶಾಶ್ವತವಾಗಿ ಉಳಿಯಿತು. ಅದರ ಶಾರ್ಟ್‌ಕಟ್‌ಗಳನ್ನು ಇಡುವ ಕಡತಕೋಶವು ಬಳಕೆದಾರರ ಖಾತೆಯ ಅಪ್ಲಿಕೇಷನ್ ಡೇಟಾ ಭಾಗದಲ್ಲಿ, ‘ಮೈಕ್ರೋಸಾಫ್ಟ್’ ಎಂಬುದರೊಳಗಿನ ‘ಇಂಟರ್ನೆಟ್ ಎಕ್ಸ್‌ಪ್ಲೋರರ್’ ಎಂಬುದರೊಳಗೆ ಇದೆ. ನಂತರದ ಆವೃತ್ತಿಗಳಲ್ಲಿ ಪಿನ್ ಮಾಡಿದ ತಂತ್ರಾಂಶಗಳ ಶಾರ್ಟ್‌ಕಟ್‌ಗಳು ಸಹ ಇದೇ ಕ್ವಿಕ್ ಲಾಂಚ್ ಕಡತಕೋಶದ ಒಳಗೆ ‘ಯೂಸರ್ ಪಿನ್ಡ್’, ಅದರೊಳಗೆ ‘ಟಾಸ್ಕ್‌ಬಾರ್’ ಎಂಬ ಉಪಕೋಶದಲ್ಲಿ ಸಂಗ್ರಹವಾಗುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ಸೇವೆಯಿಂದ ನಿವೃತ್ತವಾಯಿತು. ಬೇರೆ ಬ್ರೌಸರನ್ನು ಪಿನ್ ಮಾಡಿಕೊಂಡವರ ಶಾರ್ಟ್‌ಕಟ್ ಕೂಡ ಅದರ ಹೆಸರಿನ ಕೋಶದಲ್ಲಿಯೇ ಹೋಗಿ ಕೂರುತ್ತದೆ.

ಸ್ವರೂಪ ಮತ್ತು ಕಾರ್ಯವಿಧಾನ

ಕ್ವಿಕ್ ಲಾಂಚ್ ತಾಂತ್ರಿಕವಾಗಿ ತೀರ ಸರಳವಾದದ್ದು. ಅದು ಒಂದು ಸಾಮಾನ್ಯ ಕಡತಕೋಶ; ಆ ಕೋಶದಲ್ಲಿರುವುದನ್ನೆಲ್ಲ ಟಾಸ್ಕ್‌ಬಾರ್ ಸಾಲಾಗಿ ಚಿಹ್ನೆಗಳ ರೂಪದಲ್ಲಿ ತೋರಿಸುತ್ತದೆ. ಕೋಶದೊಳಗೆ ಒಂದು ಶಾರ್ಟ್‌ಕಟ್ ಹಾಕಿದರೆ ಪಟ್ಟಿಯಲ್ಲಿ ಚಿಹ್ನೆಯೊಂದು ಮೂಡುತ್ತದೆ, ತೆಗೆದರೆ ಮಾಯವಾಗುತ್ತದೆ. ಈ ಸರಳತೆಯಿಂದಾಗಿ ಅದರಲ್ಲಿ ತಂತ್ರಾಂಶವನ್ನಷ್ಟೇ ಅಲ್ಲದೆ ಪತ್ರ, ಲೆಕ್ಕದ ಹಾಳೆ, ಕಡತಕೋಶ, ಜಾಲತಾಣದ ವಿಳಾಸ, ಬ್ಯಾಚ್ ಕಡತ ಯಾವುದನ್ನು ಬೇಕಾದರೂ ಇಡಬಹುದಾಗಿತ್ತು. ಪಟ್ಟಿಯ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿಗೆ ಒಯ್ಯಬೇಕೆಂದರೆ ಕೋಶವನ್ನು ನಕಲು ಮಾಡಿಕೊಂಡರೆ ಬಹುಪಾಲು ಕೆಲಸ ಮುಗಿಯುತ್ತಿತ್ತು.

ಪಟ್ಟಿಯನ್ನು ಕಾಣಿಸಲು ಟಾಸ್ಕ್‌ಬಾರ್‌ನ ಖಾಲಿ ಜಾಗದ ಮೇಲೆ ಬಲ ಕ್ಲಿಕ್ ಮಾಡಿ, ‘ಟೂಲ್‌ಬಾರ್ಸ್’ ಎಂಬಲ್ಲಿ ‘ಕ್ವಿಕ್ ಲಾಂಚ್’ ಅನ್ನು ಆರಿಸಬೇಕಾಗಿತ್ತು. ಸೇರಿಸಬೇಕಾದ ಚಿಹ್ನೆಯನ್ನು ಮೌಸ್‌ನಿಂದ ಎಳೆದು ತಂದು ಪಟ್ಟಿಯ ಮೇಲೆ ಬಿಟ್ಟರೆ ಸಾಕು. ಎಲ್ಲಿ ಬಿಡುತ್ತೇವೆ ಎಂಬುದನ್ನು ಒಂದು ಸಣ್ಣ ಕಪ್ಪು ಗೆರೆ ತೋರಿಸುತ್ತಿತ್ತು. ಮೌಸ್‌ನ ಬಲಗುಂಡಿ ಹಿಡಿದು ಎಳೆದರೆ ನಕಲು ಮಾಡಬೇಕೇ, ಸ್ಥಳಾಂತರಿಸಬೇಕೇ ಅಥವಾ ಹೊಸ ಶಾರ್ಟ್‌ಕಟ್ ರಚಿಸಬೇಕೇ ಎಂದು ವಿಂಡೋಸ್ ಕೇಳುತ್ತಿತ್ತು. ಎಚ್ಚರದಿಂದ ಕೆಲಸ ಮಾಡುವವರಿಗೆ ಈ ವಿಧಾನವೇ ಮೇಲು. ಚಿಹ್ನೆಯನ್ನು ತೆಗೆಯಲು ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಡಿಲೀಟ್’ ಆರಿಸಬೇಕಾಗಿತ್ತು. ಆ ಪದವನ್ನು ಕಂಡು ತಂತ್ರಾಂಶವೇ ಅಳಿಸಿಹೋದೀತೆಂದು ಹಿಂಜರಿಯುವವರಿದ್ದರು. ಆದರೆ ಅಳಿಯುತ್ತಿದ್ದುದು ದಾರಿ ತೋರಿಸುವ ಶಾರ್ಟ್‌ಕಟ್ ಮಾತ್ರ. ಮೂಲ ಕಡತವನ್ನೇ ಆ ಕೋಶದೊಳಕ್ಕೆ ಸ್ಥಳಾಂತರಿಸಿದ್ದರೆ ಮಾತ್ರ ಅಳಿಸುವುದು ಅಪಾಯಕಾರಿ.

ಚಿಹ್ನೆಗಳು ಸಾಮಾನ್ಯವಾಗಿ ಉದ್ದಗಲ 16 ಪಿಕ್ಸೆಲ್‌ಗಳಷ್ಟು ಚಿಕ್ಕವಾಗಿರುತ್ತಿದ್ದವು. ‘ವ್ಯೂ’ ಮೆನುವಿನಲ್ಲಿ ‘ಲಾರ್ಜ್ ಐಕಾನ್ಸ್’ ಆರಿಸಿದರೆ ಅವು 32 ಪಿಕ್ಸೆಲ್‌ಗಳಾಗುತ್ತಿದ್ದವು. ಆದರೆ ಆಗ ಟಾಸ್ಕ್‌ಬಾರ್ ಎತ್ತರವಾಗಿ ಪರದೆಯ ಜಾಗವನ್ನು ನುಂಗುತ್ತಿತ್ತು. ‘ಷೋ ಟೆಕ್ಸ್ಟ್’ ಆಯ್ಕೆಯಿಂದ ಚಿಹ್ನೆಯ ಜೊತೆಗೆ ಹೆಸರನ್ನು, ‘ಷೋ ಟೈಟಲ್’ ಆಯ್ಕೆಯಿಂದ ಪಟ್ಟಿಯ ಹೆಸರನ್ನು ಕಾಣಿಸಬಹುದಾಗಿತ್ತು. ಪಟ್ಟಿಯ ಅಗಲಕ್ಕೆ ಹಿಡಿಸದಷ್ಟು ಚಿಹ್ನೆಗಳಿದ್ದರೆ ಕೊನೆಯಲ್ಲಿ ಜೋಡಿ ಬಾಣದ ಗುರುತು ಮೂಡಿ, ಅದನ್ನು ಒತ್ತಿದಾಗ ಉಳಿದವು ಮೆನುವಿನಂತೆ ತೆರೆದುಕೊಳ್ಳುತ್ತಿದ್ದವು.

ಪರಿಣತ ಬಳಕೆದಾರರು ಈ ಜೋಡಿ ಬಾಣವನ್ನೇ ಅನುಕೂಲವಾಗಿ ಮಾಡಿಕೊಂಡರು. ‘ನ್ಯೂ ಟೂಲ್‌ಬಾರ್’ ಎಂಬ ಆಯ್ಕೆಯಿಂದ ಯಾವುದೇ ಕಡತಕೋಶವನ್ನು ಟಾಸ್ಕ್‌ಬಾರ್‌ಗೆ ಸೇರಿಸಿ, ಅದರ ಹೆಸರಷ್ಟೇ ಕಾಣುವಂತೆ ಕುಗ್ಗಿಸಿದರೆ, ಉಪಕೋಶಗಳೆಲ್ಲ ಒಳಮೆನುಗಳಾಗಿ ಬಿಚ್ಚಿಕೊಳ್ಳುವ ಒಂದು ಖಾಸಗಿ ಸ್ಟಾರ್ಟ್ ಮೆನು ಸಿದ್ಧವಾಗುತ್ತಿತ್ತು. ಕಚೇರಿಯ ಕಡತಗಳನ್ನು ವರ್ಷವಾರು, ವಿಷಯವಾರು ಕೋಶಗಳಲ್ಲಿ ಇಟ್ಟುಕೊಂಡವರು ಎಕ್ಸ್‌ಪ್ಲೋರರ್ ತೆರೆಯದೆಯೇ ಬೇಕಾದ ಕಡತವನ್ನು ತಲುಪಬಹುದಾಗಿತ್ತು. ಟಾಸ್ಕ್‌ಬಾರ್‌ಗೆ ಸಂಬಂಧಿಸಿದ ಸೌಲಭ್ಯಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಹೆಚ್ಚಿಲ್ಲ ಎಂದರೆ ತಪ್ಪಾಗಲಾರದು.

ಪಟ್ಟಿಯು ಪರದೆಯ ಅಂಚಿನಲ್ಲಿ ಇರುವುದಕ್ಕೂ ಒಂದು ಕಾರಣವಿದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುರಿಯೊಂದನ್ನು ಮುಟ್ಟಲು ಬೇಕಾಗುವ ಸಮಯವು ಗುರಿಯ ದೂರ ಹೆಚ್ಚಿದಂತೆ ಹೆಚ್ಚುತ್ತದೆ, ಗುರಿಯ ಗಾತ್ರ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಮೌಸ್ ಬಾಣವು ಪರದೆಯ ಅಂಚನ್ನು ದಾಟಿ ಹೋಗಲಾರದು. ಆದ್ದರಿಂದ ಅಂಚಿಗೆ ತಾಗಿದ ಗುಂಡಿಯು ಆ ದಿಕ್ಕಿನಲ್ಲಿ ಬಹಳ ದೊಡ್ಡ ಗುರಿಯಂತೆ ವರ್ತಿಸುತ್ತದೆ. ಕೈಯನ್ನು ಬೀಸಿ ಕೆಳಕ್ಕೆ ತಳ್ಳಿದರೂ ಗುರಿ ತಪ್ಪುವುದಿಲ್ಲ. ವಿಂಡೋಸ್ 95ರಲ್ಲಿ ಸ್ಟಾರ್ಟ್ ಗುಂಡಿಗೂ ಪರದೆಯ ಮೂಲೆಗೂ ನಡುವೆ ಒಂದೆರಡು ಪಿಕ್ಸೆಲ್‌ಗಳ ನಿಷ್ಕ್ರಿಯ ಅಂಚನ್ನು ಬಿಟ್ಟಿದ್ದರಿಂದ ಈ ಲಾಭ ಕೈತಪ್ಪಿತ್ತು. ನಂತರದ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಷೋ ಡೆಸ್ಕ್‌ಟಾಪ್

ಕ್ವಿಕ್ ಲಾಂಚ್‌ನಲ್ಲಿ ಮೊದಲಿನಿಂದಲೂ ಇದ್ದ ಚಿಹ್ನೆಗಳ ಪೈಕಿ ‘ಷೋ ಡೆಸ್ಕ್‌ಟಾಪ್’ ಎಂಬುದು ಜನಪ್ರಿಯವಾಗಿತ್ತು. ಅದನ್ನು ಒತ್ತಿದರೆ ತೆರೆದಿರುವ ವಿಂಡೋಗಳೆಲ್ಲ ಸರಿದು ಡೆಸ್ಕ್‌ಟಾಪ್ ಕಾಣುತ್ತಿತ್ತು; ಮತ್ತೆ ಒತ್ತಿದರೆ ಎಲ್ಲವೂ ಮರಳುತ್ತಿದ್ದವು. ಇದು ಶಾರ್ಟ್‌ಕಟ್ ಆಗಿರದೆ ಐದೇ ಸಾಲುಗಳ ಒಂದು ಪಠ್ಯ ಕಡತವಾಗಿತ್ತು. ಆ ಸಾಲುಗಳಲ್ಲಿ ಟಾಸ್ಕ್‌ಬಾರ್‌ಗೆ ನೀಡುವ ಆದೇಶವೂ ಚಿಹ್ನೆಯನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂಬ ಸೂಚನೆಯೂ ಇರುತ್ತಿದ್ದವು. ಮೂಲ ಕಡತವೇ ಪಟ್ಟಿಯಲ್ಲಿ ಕುಳಿತಿದ್ದುದರಿಂದ ಆಕಸ್ಮಿಕವಾಗಿ ಅಳಿಸಿದರೆ ಬೇರೆ ಎಲ್ಲಿಂದಲೂ ಅದನ್ನು ಎಳೆದು ತರಲು ಬರುತ್ತಿರಲಿಲ್ಲ. ಈ ತೊಂದರೆಗೆ ಸಿಲುಕಿದವರು ಎಷ್ಟು ಮಂದಿಯೆಂದರೆ, ಕಡತವನ್ನು ಮರುಸೃಷ್ಟಿಸುವ ಬಗೆಯನ್ನು ಮೈಕ್ರೋಸಾಫ್ಟ್ ತನ್ನ ಸಹಾಯ ಪುಟಗಳಲ್ಲಿ ಪ್ರತ್ಯೇಕವಾಗಿ ವಿವರಿಸಬೇಕಾಯಿತು. ನೋಟ್‌ಪ್ಯಾಡ್‌ನಲ್ಲಿ ಐದು ಸಾಲುಗಳನ್ನು ಬರೆದು, ‘ಎಸ್‌ಸಿಎಫ್’ ಎಂಬ ವಿಸ್ತರಣೆಯೊಂದಿಗೆ ಉಳಿಸಿ, ಕ್ವಿಕ್ ಲಾಂಚ್ ಕೋಶಕ್ಕೆ ಹಾಕುವುದೇ ಆ ವಿಧಾನ. ವಿಂಡೋಸ್ 7ರಲ್ಲಿ ಈ ಸೌಲಭ್ಯವನ್ನು ಟಾಸ್ಕ್‌ಬಾರ್‌ನ ಬಲತುದಿಯ ಅಳಿಸಲಾಗದ ಗುಂಡಿಯಾಗಿ ಮಾಡಲಾಯಿತು. ವಿಂಡೋಸ್ ಕೀಲಿಯನ್ನು ‘ಡಿ’ ಕೀಲಿಯೊಂದಿಗೆ ಒತ್ತಿದರೂ ಇದೇ ಫಲ ದೊರೆಯುತ್ತದೆ.

ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾ

2001ರ ಅಕ್ಟೋಬರ್ 25ರಂದು ಬಂದ ವಿಂಡೋಸ್ ಎಕ್ಸ್‌ಪಿಯನ್ನು ಹೊಸದಾಗಿ ಸ್ಥಾಪಿಸಿದಾಗ ಕ್ವಿಕ್ ಲಾಂಚ್ ಮರೆಯಾಗಿರುತ್ತಿತ್ತು. ಸ್ಟಾರ್ಟ್ ಮೆನುವಿನಲ್ಲಿಯೇ ಮೆಚ್ಚಿನ ತಂತ್ರಾಂಶಗಳನ್ನು ಪಿನ್ ಮಾಡುವ ಹೊಸ ಸೌಲಭ್ಯವನ್ನು ಕೊಟ್ಟದ್ದು ಇದರ ಹಿನ್ನೆಲೆಯಲ್ಲಿತ್ತು. ಬಲ್ಲವರು ಕೂಡಲೇ ಅದನ್ನು ಮರಳಿ ಕಾಣಿಸಿಕೊಂಡರು. ‘ಲಾಕ್ ದ ಟಾಸ್ಕ್‌ಬಾರ್’ ಎಂಬ ಆಯ್ಕೆಯೂ ಎಕ್ಸ್‌ಪಿಯಲ್ಲಿ ಬಂದಿತು. ಬೀಗ ಹಾಕಿದ್ದಾಗ ಪಟ್ಟಿಯ ಅಗಲವನ್ನು ಬದಲಿಸಲಾಗುತ್ತಿರಲಿಲ್ಲ. ಬೀಗ ತೆಗೆದಾಗ ಮಾತ್ರ ಚುಕ್ಕಿಗಳ ಹಿಡಿಕೆಯೊಂದು ಕಾಣಿಸಿಕೊಳ್ಳುತ್ತಿತ್ತು. ಪಟ್ಟಿಯು ಪ್ರತಿ ಬಳಕೆದಾರರ ಖಾತೆಗೂ ಪ್ರತ್ಯೇಕ. ಆದರೆ ಸೈಬರ್ ಕೆಫೆಗಳಂತಹ ಕಡೆ ಒಂದೇ ಖಾತೆಯನ್ನು ಹಲವರು ಬಳಸುತ್ತಿದ್ದಾಗ ಅದು ಯಾರದ್ದೂ ಅಲ್ಲದ ಪಟ್ಟಿಯಾಗುತ್ತಿತ್ತು.

2007ರ ಜನವರಿ 30ರಂದು ಸಾರ್ವಜನಿಕರಿಗೆ ದೊರೆತ ವಿಸ್ಟಾದಲ್ಲಿ ಕ್ವಿಕ್ ಲಾಂಚ್ ಮತ್ತೆ ತಾನಾಗಿಯೇ ಕಾಣಿಸಿಕೊಂಡಿತು. ಅದಕ್ಕಿಂತ ಮುಖ್ಯವಾಗಿ, ವಿಂಡೋಸ್ ಕೀಲಿಯೊಂದಿಗೆ ಅಂಕಿಯೊಂದನ್ನು ಒತ್ತಿದರೆ ಪಟ್ಟಿಯ ಆ ಕ್ರಮಾಂಕದ ಚಿಹ್ನೆ ತೆರೆಯುವ ವ್ಯವಸ್ಥೆ ಸೇರಿತು. 1ರಿಂದ 9ರವರೆಗಿನ ಅಂಕಿಗಳು ಮೊದಲ ಒಂಬತ್ತಕ್ಕೂ 0 ಹತ್ತನೆಯದಕ್ಕೂ ಸಲ್ಲುತ್ತವೆ. ಚಿಹ್ನೆಗಳ ಅನುಕ್ರಮಕ್ಕೆ ಈಗ ಅರ್ಥ ಬಂದಿತು: ಯಾವುದನ್ನು ಎಷ್ಟನೆಯ ಸ್ಥಾನದಲ್ಲಿ ಇಡಬೇಕೆಂಬುದು ಬೆರಳುಗಳ ನೆನಪಿನ ವಿಷಯವಾಯಿತು. ಮೌಸ್ ಹಿಡಿಯಲು ಕಷ್ಟವಾಗುವವರಿಗೂ ಇದರಿಂದ ಪ್ರಯೋಜನವಾಯಿತು.

ವಿಂಡೋಸ್ 7: ಪಿನ್ ಮಾಡುವ ವಿಧಾನ

2009ರ ಅಕ್ಟೋಬರ್ 22ರಂದು ಬಿಡುಗಡೆಯಾದ ವಿಂಡೋಸ್ 7ರಲ್ಲಿ ಟಾಸ್ಕ್‌ಬಾರ್ ಅನ್ನು ಮೂಲದಿಂದಲೇ ಮರುಚಿಂತಿಸಲಾಯಿತು. ತೆರೆದ ತಂತ್ರಾಂಶಗಳಿಗೂ ತೆರೆಯಬೇಕಾದ ತಂತ್ರಾಂಶಗಳಿಗೂ ಇದ್ದ ಗೋಡೆಯನ್ನು ಕೆಡವಿ ಎರಡನ್ನೂ ಒಂದೇ ಸಾಲಿಗೆ ತರಲಾಯಿತು. ಪಿನ್ ಮಾಡಿದ ಚಿಹ್ನೆಯನ್ನು ಒತ್ತಿದಾಗ ತಂತ್ರಾಂಶ ತೆರೆಯುತ್ತದೆ. ತೆರೆದ ಮೇಲೆ ಅದೇ ಚಿಹ್ನೆಯ ಸುತ್ತ ಚೌಕಟ್ಟು ಮೂಡಿ ಅದೇ ಟಾಸ್ಕ್‌ಬಾರ್ ಗುಂಡಿಯೂ ಆಗುತ್ತದೆ. ಕ್ವಿಕ್ ಲಾಂಚ್ ಇದ್ದಾಗ ಒಂದೇ ಬ್ರೌಸರಿನ ಚಿಹ್ನೆ ಎಡಗಡೆ ಒಮ್ಮೆ, ತೆರೆದ ವಿಂಡೋಗಳ ಸಾಲಿನಲ್ಲಿ ಇನ್ನೊಮ್ಮೆ ಕಾಣಿಸುತ್ತಿತ್ತು. ಈಗ ಆ ಪುನರುಕ್ತಿ ತಪ್ಪಿತು. ಟಾಸ್ಕ್‌ಬಾರ್‌ನ ಎತ್ತರವನ್ನು 30 ಪಿಕ್ಸೆಲ್‌ಗಳಿಂದ 40ಕ್ಕೆ ಏರಿಸಿ ಚಿಹ್ನೆಗಳನ್ನು ದೊಡ್ಡದು ಮಾಡಿದ್ದು ಬೆರಳಿನಿಂದ ಮುಟ್ಟಿ ಬಳಸುವವರಿಗೂ ಅನುಕೂಲವಾಯಿತು. ಮೊದಲಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್, ವಿಂಡೋಸ್ ಎಕ್ಸ್‌ಪ್ಲೋರರ್ ಮತ್ತು ವಿಂಡೋಸ್ ಮೀಡಿಯಾ ಪ್ಲೇಯರ್ ಎಂಬ ಮೂರು ತಂತ್ರಾಂಶಗಳು ಪಿನ್ ಆಗಿರುತ್ತಿದ್ದವು.

ಪಿನ್ ಮಾಡಲು ತಂತ್ರಾಂಶದ ಚಿಹ್ನೆಯನ್ನು ಎಳೆದು ತರಬಹುದು, ಇಲ್ಲವೆ ತಂತ್ರಾಂಶ ತೆರೆದಿರುವಾಗ ಅದರ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಪಿನ್ ಆಯ್ಕೆಯನ್ನು ಒತ್ತಬಹುದು. ಅದೇ ಬಲ ಕ್ಲಿಕ್‌ನಲ್ಲಿ ತೆರೆಯುವ ‘ಜಂಪ್ ಲಿಸ್ಟ್’ ವಿಂಡೋಸ್ 7ರ ಹೊಸ ಕೊಡುಗೆ. ಇತ್ತೀಚೆಗೆ ಬಳಸಿದ ಕಡತಗಳು ಮತ್ತು ಬಳಕೆದಾರರೇ ಅಂಟಿಸಿಟ್ಟ ಕಡತಗಳು ತಂತ್ರಾಂಶದ ಚಿಹ್ನೆಯ ಹಿಂದೆಯೇ ಅದರಲ್ಲಿ ದೊರೆಯುತ್ತವೆ. ಚಿಹ್ನೆಯ ಮೇಲೆ ಮೌಸ್‌ನ ನಡುಗುಂಡಿಯನ್ನು ಒತ್ತಿದರೆ ಅದೇ ತಂತ್ರಾಂಶದ ಇನ್ನೊಂದು ವಿಂಡೋ ತೆರೆಯುತ್ತದೆ. ಕಂಟ್ರೋಲ್ ಮತ್ತು ಷಿಫ್ಟ್ ಕೀಲಿಗಳನ್ನು ಹಿಡಿದು ಕ್ಲಿಕ್ ಮಾಡಿದರೆ ಆಡಳಿತಾಧಿಕಾರದೊಂದಿಗೆ ತೆರೆಯುತ್ತದೆ. ಅಂಕಿಯ ಕೀಲಿಗಳ ವ್ಯವಸ್ಥೆ ಹೊಸ ಪಟ್ಟಿಗೂ ಮುಂದುವರಿಯಿತು. ವಿಂಡೋಸ್ ಕೀಲಿಯೊಂದಿಗೆ ‘ಟಿ’ ಒತ್ತಿದರೆ ಚಿಹ್ನೆಯಿಂದ ಚಿಹ್ನೆಗೆ ಸಾಗಬಹುದು.

ಈ ಬದಲಾವಣೆಯಲ್ಲಿ ಕಳೆದುಕೊಂಡದ್ದೂ ಉಂಟು. ಹೊಸ ಪಟ್ಟಿಯು ತಂತ್ರಾಂಶಗಳನ್ನೇ ಕೇಂದ್ರವಾಗಿ ಇಟ್ಟುಕೊಂಡಿದೆ. ಪತ್ರವೊಂದನ್ನು ಎಳೆದು ತಂದರೆ ಅದು ತನ್ನ ತಂತ್ರಾಂಶದ ಜಂಪ್ ಲಿಸ್ಟ್‌ಗೆ ಸೇರುತ್ತದೆ. ಕಡತಕೋಶವನ್ನು ತಂದರೆ ಎಕ್ಸ್‌ಪ್ಲೋರರಿನ ಜಂಪ್ ಲಿಸ್ಟ್‌ಗೆ ಸೇರುತ್ತದೆ. ಎರಡೂ ಪ್ರತ್ಯೇಕ ಚಿಹ್ನೆಗಳಾಗಿ ನಿಲ್ಲುವುದಿಲ್ಲ. ಕೋಶವೊಂದಕ್ಕೆ ತನ್ನದೇ ಚಿಹ್ನೆ ಬೇಕೆಂದರೆ ಒಂದು ಉಪಾಯವಿದೆ: ಅದಕ್ಕೆ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ರಚಿಸಿ, ಆ ಶಾರ್ಟ್‌ಕಟ್‌ನ ಗುಣಲಕ್ಷಣಗಳಲ್ಲಿ ‘ಟಾರ್ಗೆಟ್’ ಎಂಬ ಜಾಗದಲ್ಲಿರುವ ವಿಳಾಸದ ಮುಂದೆ ‘ಎಕ್ಸ್‌ಪ್ಲೋರರ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ತೆರಪು ಬಿಟ್ಟು ಉಳಿಸಬೇಕು. ವಿಂಡೋಸ್ ಆಗ ಅದನ್ನು ತಂತ್ರಾಂಶದ ಶಾರ್ಟ್‌ಕಟ್ ಎಂದೇ ಪರಿಗಣಿಸಿ ಪಿನ್ ಮಾಡಲು ಬಿಡುತ್ತದೆ. ಬ್ಯಾಚ್ ಕಡತಗಳಿಗೂ ಇದೇ ರೀತಿ ಕಮಾಂಡ್ ಪ್ರಾಂಪ್ಟ್‌ನ ಹೆಸರನ್ನು ಮುಂದಿಟ್ಟು ಪಿನ್ ಮಾಡಬಹುದು. ಹಿಂದೆ ಸುಮ್ಮನೆ ಎಳೆದು ಬಿಟ್ಟರೆ ಆಗುತ್ತಿದ್ದ ಕೆಲಸಕ್ಕೆ ಈಗ ಉಪಾಯ ಹುಡುಕಬೇಕಾಯಿತು ಎಂಬ ದೂರು ಹಳೆಯ ಬಳಕೆದಾರರದ್ದು; ಅದರಲ್ಲಿ ಸತ್ಯಾಂಶವಿಲ್ಲದಿಲ್ಲ.

ಪ್ರತಿ ಉಳಿಸಿಕೊಳ್ಳುವುದೂ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಪಿನ್ ಮಾಡಿದ ಶಾರ್ಟ್‌ಕಟ್‌ಗಳು ಕಡತಕೋಶದಲ್ಲಿದ್ದರೂ ಅವುಗಳ ಅನುಕ್ರಮ ಹಾಗೂ ಪಟ್ಟಿಯ ದಾಖಲೆಯು ವಿಂಡೋಸ್ ರಿಜಿಸ್ಟ್ರಿಯಲ್ಲಿ ‘ಟಾಸ್ಕ್‌ಬ್ಯಾಂಡ್’ ಎಂಬ ಕೀಲಿಯ ಅಡಿಯಲ್ಲಿ ಇರುತ್ತದೆ. ಕೋಶವನ್ನಷ್ಟೇ ನಕಲು ಮಾಡಿ ಹೊಸ ಕಂಪ್ಯೂಟರಿಗೆ ಹಾಕಿದರೆ ಚಿಹ್ನೆಗಳು ಕಾಣಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಒಯ್ಯಬೇಕಾಗುತ್ತದೆ.

2011ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಜಾಲತಾಣಗಳನ್ನೂ ವಿಂಡೋಸ್ 7ರ ಟಾಸ್ಕ್‌ಬಾರ್‌ಗೆ ಪಿನ್ ಮಾಡುವ ಸೌಲಭ್ಯ ನೀಡಿತು.

ಪಟ್ಟಿಯ ಮೇಲಿನ ಹಕ್ಕು

ಕ್ವಿಕ್ ಲಾಂಚ್ ಒಂದು ಸಾಮಾನ್ಯ ಕಡತಕೋಶವಾಗಿದ್ದುದು ಅದರ ಬಲವೂ ಹೌದು, ದೌರ್ಬಲ್ಯವೂ ಹೌದು. ಬಳಕೆದಾರರು ಅದರಲ್ಲಿ ಶಾರ್ಟ್‌ಕಟ್ ಹಾಕುವಷ್ಟೇ ಸುಲಭವಾಗಿ ಯಾವುದೇ ತಂತ್ರಾಂಶದ ಸ್ಥಾಪಕವೂ ಹಾಕಬಹುದಾಗಿತ್ತು. ಹೊಸ ತಂತ್ರಾಂಶವನ್ನು ಹಾಕಿಕೊಂಡಾಗಲೆಲ್ಲ ಡೆಸ್ಕ್‌ಟಾಪ್ ಮೇಲೊಂದು, ಸ್ಟಾರ್ಟ್ ಮೆನುವಿನಲ್ಲೊಂದು, ಕ್ವಿಕ್ ಲಾಂಚ್‌ನಲ್ಲೊಂದು ಎಂದು ಚಿಹ್ನೆಗಳು ಬಂದು ಕೂರುತ್ತಿದ್ದವು. ಸೌಜನ್ಯವುಳ್ಳ ಸ್ಥಾಪಕಗಳು ಮೊದಲು ಕೇಳುತ್ತಿದ್ದವು, ಉಳಿದವು ಕೇಳುತ್ತಿರಲಿಲ್ಲ. ಮೆಚ್ಚಿನವುಗಳಿಗೆಂದು ಮೀಸಲಿಟ್ಟ ಜಾಗವು ಹೀಗೆ ಜಾಹೀರಾತಿನ ಫಲಕದಂತಾಗಿ, ಬೇಕಾದ ನಾಲ್ಕು ಚಿಹ್ನೆಗಳು ಜೋಡಿ ಬಾಣದ ಹಿಂದೆ ಮರೆಯಾಗುತ್ತಿದ್ದುದು ಆ ಕಾಲದ ಸಾಮಾನ್ಯ ದೃಶ್ಯ.

ಈ ಅನುಭವದಿಂದ ಪಾಠ ಕಲಿತು, ವಿಂಡೋಸ್ 7ರಲ್ಲಿ ತಂತ್ರಾಂಶಗಳು ತಮ್ಮನ್ನು ತಾವೇ ಟಾಸ್ಕ್‌ಬಾರ್‌ಗೆ ಪಿನ್ ಮಾಡಿಕೊಳ್ಳಲು ಅಧಿಕೃತ ದಾರಿಯನ್ನು ಉದ್ದೇಶಪೂರ್ವಕವಾಗಿಯೇ ಕೊಡಲಿಲ್ಲ. ಪಟ್ಟಿಯು ಬಳಕೆದಾರರ ಸ್ವತ್ತು, ಅಲ್ಲಿ ಏನಿರಬೇಕೆಂಬುದನ್ನು ಅವರೇ ನಿರ್ಧರಿಸಬೇಕು ಎಂಬುದು ಇದರ ತತ್ವ. ತಂತ್ರಾಂಶ ತಯಾರಕರು ಅಡ್ಡದಾರಿಗಳನ್ನು ಹುಡುಕುವುದನ್ನು ನಿಲ್ಲಿಸಲಿಲ್ಲ. 2017ರ ವಿಂಡೋಸ್ 10ರ ಪರಿಷ್ಕರಣೆಯಲ್ಲಿ ಕೆಲವು ಬಗೆಯ ತಂತ್ರಾಂಶಗಳು ಪಿನ್ ಆಗಲು ಅನುಮತಿ ಕೋರುವ ಸೌಲಭ್ಯ ಬಂದಿತು. ಆಗಲೂ ಅಂತಿಮ ಒಪ್ಪಿಗೆಯನ್ನು ಬಳಕೆದಾರರಿಂದಲೇ ಕೇಳಿ ಪಡೆಯಬೇಕು. ಸಂಸ್ಥೆಗಳ ಆಡಳಿತಗಾರರಿಗೆ ಮಾತ್ರ ಇದರಿಂದ ವಿನಾಯಿತಿಯಿದೆ: ವಿಂಡೋಸ್ 10ರ 1607ನೆಯ ಆವೃತ್ತಿಯಿಂದ ಅವರು ವಿನ್ಯಾಸ ಕಡತವೊಂದರ ಮೂಲಕ ಸಿಬ್ಬಂದಿಯ ಟಾಸ್ಕ್‌ಬಾರ್‌ನಲ್ಲಿ ಏನು ಪಿನ್ ಆಗಿರಬೇಕೆಂದು ನಿಗದಿಪಡಿಸಬಹುದು. ಇತರ ಸ್ಥಾಪಕಗಳಿಗೆ ಇಷ್ಟು ಕಟ್ಟುಪಾಡು ಇರುವಾಗ ವಿಂಡೋಸ್ ಮಾತ್ರ ತನ್ನದೇ ಹುಡುಕಾಟದ ಪೆಟ್ಟಿಗೆ, ಸುದ್ದಿಯ ಗುಂಡಿ ಮುಂತಾದವನ್ನು ಅದೇ ಪಟ್ಟಿಯಲ್ಲಿ ತಾನಾಗಿಯೇ ಇರಿಸಿದ್ದು ಟೀಕೆಗೆ ಒಳಗಾಗಿದೆ. ಅವುಗಳನ್ನು ಟಾಸ್ಕ್‌ಬಾರ್‌ನ ಆಯ್ಕೆಗಳಲ್ಲಿ ಮರೆಮಾಡಬಹುದು.

ವಿಂಡೋಸ್ 7, 8 ಮತ್ತು 10ರಲ್ಲಿ ಮರಳಿ ಪಡೆಯುವುದು

ಈ ಮೂರೂ ಆವೃತ್ತಿಗಳಲ್ಲಿ ಕ್ವಿಕ್ ಲಾಂಚ್ ಮೆನುವಿನಲ್ಲಿ ಕಾಣಿಸದಿದ್ದರೂ ಕೋಶ ಇದ್ದೇ ಇದೆ. ಟಾಸ್ಕ್‌ಬಾರ್‌ನ ಖಾಲಿ ಜಾಗದ ಮೇಲೆ ಬಲ ಕ್ಲಿಕ್ ಮಾಡಿ ‘ಟೂಲ್‌ಬಾರ್ಸ್’, ಅದರಲ್ಲಿ ‘ನ್ಯೂ ಟೂಲ್‌ಬಾರ್’ ಆರಿಸಬೇಕು. ತೆರೆಯುವ ಪೆಟ್ಟಿಗೆಯಲ್ಲಿ ಕೋಶದ ಹೆಸರು ಕೇಳುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಶೆಲ್’ ಎಂದು ಬರೆದು, ತೆರಪಿಲ್ಲದೆ ಒಂದರ ಮೇಲೊಂದಿರುವ ಎರಡು ಚುಕ್ಕಿಗಳ ಚಿಹ್ನೆಯನ್ನು ಹಾಕಿ, ಅದಕ್ಕೆ ತಾಗಿದಂತೆ ‘ಕ್ವಿಕ್ ಲಾಂಚ್’ ಎಂದು ಎರಡು ಪದಗಳಾಗಿ ಬರೆದು ಎಂಟರ್ ಒತ್ತಿ, ಕೋಶವನ್ನು ಆರಿಸಿದರೆ ಪಟ್ಟಿ ಬಲಗಡೆ ಮೂಡುತ್ತದೆ. ಕೋಶವು ಸಾಮಾನ್ಯವಾಗಿ ಮರೆಯಾಗಿರುವ ಜಾಗದಲ್ಲಿ ಇರುವುದರಿಂದ ಹುಡುಕುವುದಕ್ಕಿಂತ ಈ ಕಿರು ವಿಳಾಸವೇ ಅನುಕೂಲ. ಆಮೇಲೆ ಟಾಸ್ಕ್‌ಬಾರ್‌ನ ಬೀಗ ತೆಗೆದು, ಪಟ್ಟಿಯನ್ನು ಹಿಡಿಕೆಯಿಂದ ಎಡಕ್ಕೆ ಎಳೆದು, ಹೆಸರು ಮತ್ತು ಪಠ್ಯವನ್ನು ಮರೆಮಾಡಿ, ಮತ್ತೆ ಬೀಗ ಹಾಕಿದರೆ ವಿಸ್ಟಾ ಕಾಲದ ರೂಪವೇ ಬರುತ್ತದೆ. ಆದರೆ ಅಂಕಿಯ ಕೀಲಿಗಳು ಪಿನ್ ಮಾಡಿದ ಚಿಹ್ನೆಗಳಿಗೆ ಸಲ್ಲುತ್ತವೆಯೇ ಹೊರತು ಈ ಪಟ್ಟಿಗಲ್ಲ.

ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದ 2012ರ ವಿಂಡೋಸ್ 8ರಲ್ಲಿ ಸಹ ಡೆಸ್ಕ್‌ಟಾಪ್‌ನ ಟಾಸ್ಕ್‌ಬಾರ್ ಮತ್ತು ಅದರ ಟೂಲ್‌ಬಾರ್‌ಗಳು ಉಳಿದಿದ್ದವು.

ವಿಂಡೋಸ್ 11

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್ ಅನ್ನು ಹೊಸದಾಗಿ ಬರೆಯಲಾಯಿತು. ಚಿಹ್ನೆಗಳು ನಡುವಿಗೆ ಬಂದವು. ಬೇಕೆಂದವರು ಆಯ್ಕೆಗಳಲ್ಲಿ ಎಡಕ್ಕೆ ತಂದುಕೊಳ್ಳಬಹುದು. ಹಳೆಯ ಟಾಸ್ಕ್‌ಬಾರ್‌ನ ಹಲವು ಸೌಲಭ್ಯಗಳು ಈ ಮರುಬರವಣಿಗೆಯಲ್ಲಿ ಬಿಟ್ಟುಹೋದವು. ಟೂಲ್‌ಬಾರ್‌ಗಳು ಇಲ್ಲವಾದವು, ಬಿಡುಗಡೆಯ ವೇಳೆಗೆ ಪಟ್ಟಿಯನ್ನು ಪರದೆಯ ಪಕ್ಕಕ್ಕಾಗಲಿ ಮೇಲಕ್ಕಾಗಲಿ ಸರಿಸುವ ಆಯ್ಕೆ ಇರಲಿಲ್ಲ, ಕಡತವನ್ನು ಟಾಸ್ಕ್‌ಬಾರ್‌ನ ಮೇಲೆ ಎಳೆದು ತರುವುದೂ ಸಾಧ್ಯವಿರಲಿಲ್ಲ. ಬಳಕೆದಾರರ ಆಕ್ಷೇಪಗಳ ನಂತರ ಎಳೆದು ತರುವ ಸೌಲಭ್ಯವು 2022ರಲ್ಲಿಯೂ ಒಂದೇ ತಂತ್ರಾಂಶದ ವಿಂಡೋಗಳನ್ನು ಗುಂಪುಗೂಡಿಸದೆ ಹೆಸರಿನೊಂದಿಗೆ ತೋರಿಸುವ ಸೌಲಭ್ಯವು 2023ರಲ್ಲಿಯೂ ಮರಳಿದವು. ಕಡತಕೋಶವನ್ನು ಮೆನುವಿನಂತೆ ಬಿಚ್ಚುವ ಟೂಲ್‌ಬಾರ್ ಅವುಗಳೊಂದಿಗೆ ಮರಳಲಿಲ್ಲ. ಅದನ್ನೇ ನೆಚ್ಚಿಕೊಂಡವರು ಎಕ್ಸ್‌ಪ್ಲೋರರ್ ಪ್ಯಾಚರ್, ಸ್ಟಾರ್ಟ್‌ಆಲ್‌ಬ್ಯಾಕ್ ಮುಂತಾದ ಹೊರಗಿನ ತಂತ್ರಾಂಶಗಳ ಮೊರೆ ಹೋದರು. ಇಂಥವು ವಿಂಡೋಸ್‌ನ ಒಳಭಾಗಗಳನ್ನು ಅವಲಂಬಿಸುವುದರಿಂದ ವಿಂಡೋಸ್ ಪರಿಷ್ಕೃತವಾದಾಗ ಕೆಡುವ ಸಂಭವವಿರುತ್ತದೆ.

ಕನ್ನಡದ ಬಳಕೆಯಲ್ಲಿ

ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಲಿಪಿಯ ಬೆಂಬಲವೂ ‘ತುಂಗಾ’ ಎಂಬ ಅಕ್ಷರಶೈಲಿಯೂ ಬಂದ ಮೇಲೆ ಕ್ವಿಕ್ ಲಾಂಚ್‌ನ ಶಾರ್ಟ್‌ಕಟ್‌ಗಳಿಗೆ ಕನ್ನಡದಲ್ಲಿಯೇ ಹೆಸರಿಡಲು ಸಾಧ್ಯವಾಯಿತು. ಇದಕ್ಕಾಗಿ ಎಕ್ಸ್‌ಪಿಯ ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಕಡತಗಳನ್ನು ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾಗಿತ್ತು. ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ‘ರೀನೇಮ್’ ಆರಿಸಿ ಹೆಸರು ಬದಲಿಸಿದರೆ, ಮೌಸ್ ಬಾಣವನ್ನು ಅದರ ಮೇಲೆ ನಿಲ್ಲಿಸಿದಾಗ ಆ ಕನ್ನಡ ಹೆಸರು ಕಾಣುತ್ತಿತ್ತು. ಬರಹ, ನುಡಿ ಮುಂತಾದ ಕನ್ನಡ ಬೆರಳಚ್ಚು ತಂತ್ರಾಂಶಗಳನ್ನು ಬಳಸುವವರು ಅವುಗಳ ಶಾರ್ಟ್‌ಕಟ್ ಅನ್ನು ಈ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಭಾಷೆ ಬದಲಿಸುವ ಸೂಚಕದ ಜಾಗ ಮಾತ್ರ ಬೇರೆ: ವಿಂಡೋಸ್‌ನದೇ ಕನ್ನಡ ಕೀಲಿಮಣೆಯ ಸೂಚಕವು ಟಾಸ್ಕ್‌ಬಾರ್‌ನ ಬಲತುದಿಯಲ್ಲಿ, ಗಡಿಯಾರದ ಬಳಿ ಇರುತ್ತದೆ. ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಕೀಲಿಯನ್ನು ಸ್ಪೇಸ್ ಕೀಲಿಯೊಂದಿಗೆ ಒತ್ತಿಯೂ ಭಾಷೆಯನ್ನು ಬದಲಿಸಬಹುದು.

ಇತರ ವ್ಯವಸ್ಥೆಗಳಲ್ಲಿ

ತೆರೆದ ಮತ್ತು ತೆರೆಯದ ತಂತ್ರಾಂಶಗಳನ್ನು ಒಂದೇ ಸಾಲಿನಲ್ಲಿ ಇಡುವ ಕಲ್ಪನೆ ವಿಂಡೋಸ್ 7ರದ್ದಲ್ಲ. 1989ರ ನೆಕ್ಸ್ಟ್‌ಸ್ಟೆಪ್ ವ್ಯವಸ್ಥೆಯ ‘ಡಾಕ್’ನಲ್ಲಿಯೇ ಅದು ಇತ್ತು, ಅಲ್ಲಿ ಇನ್ನೂ ತೆರೆಯದ ತಂತ್ರಾಂಶದ ಚಿಹ್ನೆಯ ಮೂಲೆಯಲ್ಲಿ ಮೂರು ಚುಕ್ಕಿಗಳು ಇರುತ್ತಿದ್ದವು. ನೆಕ್ಸ್ಟ್ ಸಂಸ್ಥೆಯನ್ನು ಆ್ಯಪಲ್ ಕೊಂಡ ನಂತರ, 2001ರ ಮಾರ್ಚ್ 24ರಂದು ಬಿಡುಗಡೆಯಾದ ಮ್ಯಾಕ್ ಓಎಸ್ ಎಕ್ಸ್‌ಗೆ ಡಾಕ್ ಹೊಸ ರೂಪದಲ್ಲಿ ಬಂದಿತು. ಅಲ್ಲಿ ಗುರುತು ಹಿಂದುಮುಂದಾಯಿತು: ತೆರೆದಿರುವ ತಂತ್ರಾಂಶದ ಕೆಳಗೆ ಸಣ್ಣ ತ್ರಿಕೋನ, ಮುಂದೆ 2007ರಿಂದ ಬೆಳಕಿನ ಚುಕ್ಕಿ ಕಾಣಿಸತೊಡಗಿತು. ಏಕಾರ್ನ್ ಕಂಪ್ಯೂಟರುಗಳ 1987ರ ‘ಆರ್ಥರ್’ ವ್ಯವಸ್ಥೆಯಲ್ಲಿಯೂ ಪರದೆಯ ಕೆಳಗೆ ಚಿಹ್ನೆಗಳ ಪಟ್ಟಿಯಿತ್ತು.

ಲಿನಕ್ಸ್‌ನ ಗ್ನೋಮ್ 2 ಡೆಸ್ಕ್‌ಟಾಪ್‌ನಲ್ಲಿ ಮೆನುವಿನಿಂದ ಚಿಹ್ನೆಯನ್ನು ಪ್ಯಾನೆಲ್‌ಗೆ ಎಳೆದು ‘ಲಾಂಚರ್’ ಮಾಡಿಕೊಳ್ಳುವ ವಿಧಾನವು ಕ್ವಿಕ್ ಲಾಂಚ್ ಅನ್ನು ಬಹುವಾಗಿ ಹೋಲುತ್ತಿತ್ತು. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಪ್ರತ್ಯೇಕ ಲಾಂಚರ್‌ಗಳು ಈಗಲೂ ಇವೆ. ಒಂದೇ ಲಾಂಚರ್‌ನ ಒಳಗೆ ಹಲವು ತಂತ್ರಾಂಶಗಳನ್ನು ಮೆನುವಾಗಿಯೂ ಜೋಡಿಸಬಹುದು. ಕೆಡಿಇ ಪ್ಲಾಸ್ಮಾ 2020ರ ಅಕ್ಟೋಬರ್‌ನಲ್ಲಿ ಬಂದ 5.20ನೆಯ ಆವೃತ್ತಿಯಿಂದ ಚಿಹ್ನೆಗಳಷ್ಟೇ ಇರುವ, ಪಿನ್ ಮಾಡಬಹುದಾದ ಪಟ್ಟಿಯನ್ನು ಪೂರ್ವನಿಯೋಜಿತವಾಗಿ ನೀಡುತ್ತಿದೆ. ಪಟ್ಟಿಯನ್ನು ಪರದೆಯ ಯಾವ ಅಂಚಿಗೆ ಬೇಕಾದರೂ ಸರಿಸಲು ಅದರಲ್ಲಿ ಅವಕಾಶವಿದೆ.